ಬೀಗದ ಸುತ್ತು

ಮಾವನ ಕೈಯಿಂದ ಮತ್ತೆ ರಕ್ತ ಬರುತ್ತಿದೆ ಎನ್ನುವುದು ಸೊಸೆಗೆ ತಿಳಿದದ್ದು ಬಟ್ಟೆ ಒಗೆಯುವಾಗ. ದಿಂಬಿನ ಚೀಲದ ಮೇಲೆ ಕಂದು ಕಲೆಗಳಿದ್ದವು, ಟೀ ಚೆಲ್ಲಿದ ಹಾಗೆ. ಉಗುರಿನಿಂದ ಕೆರೆದು ನೋಡಿದಳು, ಟೀ ಅಲ್ಲ. ತಣ್ಣೀರಿನಲ್ಲಿ ನೆನೆಹಾಕಿ, ಸೋಪು ತಿಕ್ಕಿ, ಗಂಡ ಏಳುವ ಮೊದಲೇ ತಂತಿಯ ಮೇಲೆ ಹರವಿ ಬಂದಳು.

ಮಾವ ಆಗಲೇ ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತಿದ್ದರು. ಅತ್ತೆ ತೀರಿಕೊಂಡು ಒಂದು ವರ್ಷ ಎರಡು ತಿಂಗಳಾಗಿತ್ತು. ಅಲ್ಲಿಂದೀಚೆಗೆ ಅವರ ದಿನ ಆ ಕುರ್ಚಿಯಲ್ಲೇ ಶುರುವಾಗಿ ಆ ಕುರ್ಚಿಯಲ್ಲೇ ಮುಗಿಯುತ್ತಿತ್ತು. ಬಲಗೈಯ ಬೆರಳುಗಳು ಎಡಗೈಯ ಮೇಲೆ ಏನನ್ನೋ ತಡಕುತ್ತ ಓಡಾಡುತ್ತಿದ್ದವು. ಹಕ್ಕಳೆ ಸಿಕ್ಕರೆ ಕೀಳುತ್ತಿದ್ದವು, ಸಿಗದಿದ್ದರೆ ಕೆರೆದು ಹೊಸದನ್ನು ಮಾಡುತ್ತಿದ್ದವು.

"ಮಾವ, ಕೈ."

"ಏನಾಯ್ತು ಕೈಗೆ?"

"ಏನೂ ಆಗಿರಲಿಲ್ಲ. ನೀವೇ ಆಗೋ ಹಾಗೆ ಮಾಡ್ಕೋತಿದ್ದೀರಿ."

ಅವರು ಕೈಯನ್ನು ತಿರುಗಿಸಿ ನೋಡಿದರು, ಬೇರೆಯವರ ಕೈ ನೋಡಿದ ಹಾಗೆ. "ಹೌದಲ್ಲ," ಅಂದರು. ಅವಳು ಮುಲಾಮು ಹಚ್ಚಿ ಬಟ್ಟೆ ಸುತ್ತಿದಳು. ಅವಳು ಒಲೆಯ ಮುಂದೆ ಹೋಗಿ ನಿಲ್ಲುವಷ್ಟರಲ್ಲಿ ಬೆರಳುಗಳು ಆ ಬಟ್ಟೆಯ ಅಂಚನ್ನೇ ಹಿರಿಯತೊಡಗಿದ್ದವು.

ಡಾಕ್ಟರಿಗೆ ತೋರಿಸಿಯಾಗಿತ್ತು. ಚರ್ಮಕ್ಕೆ ಯಾವ ರೋಗವೂ ಇಲ್ಲ ಎಂದು ಆತ ಹೇಳಿದ್ದ. "ಏನಾದ್ರೂ ಕೆಲಸ ಕೊಡಿ ಇವರಿಗೆ," ಎಂದು ಮುಂದಿನ ರೋಗಿಯನ್ನು ಕರೆದಿದ್ದ. ಆದರೆ ಕೆಲಸ ಕೊಡುವವರು ಯಾರು? ಮೂವತ್ತೆಂಟು ವರ್ಷ ಲಾರಿ ಗೋದಾಮಿನಲ್ಲಿ ಪಾರ್ಸಲ್ ಕಟ್ಟಿದ ಮನುಷ್ಯ. ಈಗ ವಯಸ್ಸು ಎಪ್ಪತ್ತೈದು. ಕಣ್ಣು ಅರ್ಧ ಮಂಜು, ಕೈ ಸಣ್ಣಗೆ ನಡುಗುತ್ತಿತ್ತು. ತರಕಾರಿ ಹೆಚ್ಚಲು ಕೊಟ್ಟರೆ ಬೆರಳು ಕೊಯ್ದುಕೊಂಡರು. ಪೇಪರ್ ಓದಲು ಕೊಟ್ಟರೆ ಅದೇ ಪುಟವನ್ನು ಸಂಜೆಯವರೆಗೂ ಹಿಡಿದಿದ್ದರು.

"ಟೀವಿ ಇದೆಯಲ್ಲ," ಅಂದ ಗಂಡ, ಬೂಟಿನ ದಾರ ಕಟ್ಟುತ್ತ. ಅವನು ಲಿಫ್ಟ್ ರಿಪೇರಿ ಮಾಡುವವನು. ಬೆಳಗ್ಗೆ ಏಳಕ್ಕೆ ಹೊರಟರೆ ಎಣ್ಣೆ, ಗ್ರೀಸು ಮೆತ್ತಿಕೊಂಡು ಕತ್ತಲಾದ ಮೇಲೆ ಬರುತ್ತಿದ್ದ.

"ಟೀವಿ ನೋಡ್ತಾನೇ ಕೆರ್ಕೊಳ್ಳೋದು ಅವರು."

"ಹಾಗಾದ್ರೆ ನಾನೇನು ಕೈ ಕಟ್ಟಿ ಹಾಕ್ಲಾ?"

ಅವಳು ಬೇಯಿಸಿದ ಮೊಟ್ಟೆ ಎರಡು, ಬ್ರೆಡ್ಡು ನಾಲ್ಕು ಡಬ್ಬಿಗೆ ಹಾಕಿ ಅವನ ಕೈಗಿಟ್ಟಳು.

ಅವಳ ಕೆಲಸ ಮಾರ್ಕೆಟ್ಟಿನ ಹಿಂದಿನ ಬೀದಿಯ ಹಕ್ಕಿ ಅಂಗಡಿಯಲ್ಲಿ. ಬೆಳಗ್ಗೆ ಎಂಟರಿಂದ ಹನ್ನೆರಡರವರೆಗೆ ಪಂಜರ ತೊಳೆಯುವುದು, ತಟ್ಟೆಗೆ ಹಾಸಿದ ಕಾಗದ ಬದಲಿಸುವುದು, ಕಾಳು ನೀರು ಇಡುವುದು. ಅಂಗಡಿಯ ಒಡತಿ ದಪ್ಪ ಹೆಂಗಸು. ಯಾವುದೋ ಗಿಳಿ ಕಚ್ಚಿದ್ದಕ್ಕೆ ಅವಳ ಹೆಬ್ಬೆರಳಿಗೆ ಸದಾ ಒಂದು ಪಟ್ಟಿ ಇರುತ್ತಿತ್ತು. ಅವಳ ತಲೆನೋವು ಒಂದೇ: ಕೆಲವು ಹಕ್ಕಿಗಳು ತಮ್ಮ ಎದೆಯ ಪುಕ್ಕವನ್ನು ತಾವೇ ಕಿತ್ತುಕೊಂಡು ಬೋಳಾಗುತ್ತಿದ್ದವು. ಅಂಥವನ್ನು ಯಾರೂ ಕೊಳ್ಳುತ್ತಿರಲಿಲ್ಲ.

"ಹೊಟ್ಟೆ ತುಂಬಿದೆ, ಮಾಡೋಕೆ ಕೆಲಸ ಇಲ್ಲ, ಅದಕ್ಕೆ ಈ ಆಟ," ಎಂದು ಆಕೆ ಒಂದು ದಿನ ಪೊಟ್ಟಣ ಬಿಚ್ಚಿ ಒಂದು ಆಟಿಕೆ ತೋರಿಸಿದಳು. ರಟ್ಟಿನ ಬಳೆಗಳು, ಮರದ ಮಣಿಗಳು, ಕಾಗದದ ಪುಟ್ಟ ಪೊಟ್ಟಣಗಳನ್ನು ಹುರಿಗೆ ಪೋಣಿಸಿದ್ದರು. ಪೊಟ್ಟಣಗಳ ಒಳಗೆ ಕಾಳು. "ತಟ್ಟೇಲಿ ಕಾಳು ಇಡಬಾರದಂತೆ. ಇದರೊಳಗೆ ಬಚ್ಚಿಟ್ರೆ, ಹುಡುಕಿ, ಹರಿದು, ಎಳೆದು ತಿನ್ನುತ್ತಂತೆ. ದಿನ ಹೋಗೋದೇ ಗೊತ್ತಾಗಲ್ಲ ಅದಕ್ಕೆ. ಆದ್ರೆ ಇದರ ಬೆಲೆ ಕೇಳಿದ್ರೆ ನನ್ನ ಪುಕ್ಕಾನೇ ಉದುರುತ್ತೆ."

ಸೊಸೆ ಅದನ್ನು ಹಿಂದೆ ಮುಂದೆ ತಿರುಗಿಸಿದಳು. "ಅಯ್ಯೋ, ಇದೇನು ಮಹಾ ಅಕ್ಕ. ಬಟ್ಟೆ ಅಂಗಡಿಯವರು ರಟ್ಟಿನ ಕೊಳವೆ ಬಿಸಾಡ್ತಾರೆ. ನಾನೇ ಮಾಡ್ಕೊಡ್ತೀನಿ."

ಹಾಗೆ ಶುರುವಾಯಿತು. ಭಾನುವಾರ ಅಡುಗೆಮನೆಯ ನೆಲದ ಮೇಲೆ ಕೂತು ಕೊಳವೆ ಕತ್ತರಿಸಿ ಬಳೆ ಮಾಡಿದಳು, ಕಾಗದದಲ್ಲಿ ಚಿಟಿಕೆ ನವಣೆ ಇಟ್ಟು ಮಡಚಿದಳು, ಸೆಣಬಿನ ಹುರಿಗೆ ಪೋಣಿಸಿ ಗಂಟು ಹಾಕಿದಳು. ಹದಿನಾರು ವರ್ಷದ ಮಗಳು ಕಾಲು ಚಾಚಿಕೊಂಡು ಮಣಿಗಳಿಗೆ ಬಣ್ಣ ಹಚ್ಚುತ್ತಿದ್ದಳು. ತಿಂಗಳು ತುಂಬುವ ಮೊದಲೇ ಹುಟ್ಟಿದ ಅವಳನ್ನು ಆಸ್ಪತ್ರೆಯವರು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಕೊಟ್ಟಿದ್ದರು. ಅವತ್ತಿನಿಂದ ತಾತನ ಬಾಯಲ್ಲಿ ಅವಳು 'ಪಾರ್ಸಲ್'. ಕೊನೆಗೆ ಮನೆಯವರೆಲ್ಲರ ಬಾಯಲ್ಲೂ ಅದೇ ನಿಂತಿತು.

"ಅಮ್ಮ, ತಾತನೂ ಆ ಬೋಳು ಹಕ್ಕಿ ಥರಾನೇ ಅಲ್ವಾ?" ಅಂದಳು ಪಾರ್ಸಲ್.

"ಬಾಯಿಗೆ ಬಣ್ಣ ಹಚ್ತೀನಿ ನೋಡು. ಮೆಲ್ಲಗೆ ಮಾತಾಡು."

ಆದರೆ ಮಾವ ಆಗಲೇ ಬಾಗಿಲಲ್ಲಿ ನಿಂತಿದ್ದರು. ಕೇಳಿಸಿತೋ ಇಲ್ಲವೋ, ಅವರ ಕಣ್ಣು ಸೊಸೆಯ ಕೈಯಲ್ಲಿದ್ದ ಹುರಿಯ ಮೇಲಿತ್ತು. "ಕೊಡು ಇಲ್ಲಿ," ಎಂದು ಕೈ ಚಾಚಿದರು. ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಇದನ್ನ ಗಂಟು ಅಂತಾರೇನಮ್ಮಾ? ಇದು ಗಂಟಲ್ಲ, ಗೋಜಲು."

ಕೂತುಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಕೂತ ಮೇಲೆ ಹುರಿಯನ್ನು ತೊಡೆಯ ಮೇಲೆ ಎಳೆದು ಜಾರುವ ಕುಣಿಕೆ ಹಾಕಿದರು, ಬಿಗಿದರು, ಮೇಲೆ ಇನ್ನೊಂದು ಸುತ್ತು ತಂದು ಚಕ್ಕನೆ ಸೆಳೆದರು. ಆ ಒಂದು ಕ್ಷಣ ಅವರ ಕೈ ನಡುಗಲಿಲ್ಲ.

"ಇದು ಗೋದಾಮಿನ ಗಂಟು. ಎಳೆದಷ್ಟೂ ಬಿಗಿಯುತ್ತೆ. ಮೇಲಿನ ಸುತ್ತು ಇದೆಯಲ್ಲ, ಅದಕ್ಕೆ ಬೀಗ ಅಂತೀವಿ. ಬೀಗ ಬಿತ್ತು ಅಂದ್ರೆ ಕುಣಿಕೆ ಜಾರಲ್ಲ, ಲಾರಿ ಪಲ್ಟಿ ಹೊಡೆದ್ರೂ ಬಿಚ್ಚಲ್ಲ. ಎಳಿ ನೋಡೋಣ, ಪಾರ್ಸಲ್."

ಪಾರ್ಸಲ್ ಎಳೆದಳು, ಕಾಲು ಕೊಟ್ಟು ಎಳೆದಳು, ಹಿಂದಕ್ಕೆ ಬಿದ್ದಳು. ತಾತ ನಕ್ಕರು. ಆ ಮನೆಯಲ್ಲಿ ಆ ನಗು ಕೇಳಿ ಬಹಳ ದಿನವಾಗಿತ್ತು.

ಅಲ್ಲಿಂದ ಮುಂದೆ ಕಟ್ಟುವುದು ಮಾವನ ಕೆಲಸವಾಯಿತು. ಸೊಸೆ ಬೆಳಗ್ಗೆ ಹೊರಡುವ ಮೊದಲು ಮೊರದ ತುಂಬ ಬಳೆ, ಮಣಿ, ಪೊಟ್ಟಣ, ಒಂದು ಉಂಡೆ ಹುರಿ ಇಟ್ಟು ಹೋಗುತ್ತಿದ್ದಳು. ಮಧ್ಯಾಹ್ನ ಬರುವಾಗ ಕುರ್ಚಿಯ ಹಿಡಿಗೆ ಗೊಂಚಲುಗಳು ಸಾಲಾಗಿ ತೂಗುತ್ತಿದ್ದವು. ಮನೆಯಲ್ಲಿ ಅವನ್ನು ಗೊಂಚಲು ಎಂದೇ ಕರೆಯುತ್ತಿದ್ದರು. ಮಾವ ಅನ್ನಕ್ಕೆ ಕೂತರೆ ಈಗ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ಬೇಳೆಗೆ ಉಪ್ಪು ಕಮ್ಮಿ ಎಂದು ತಗಾದೆ ತೆಗೆಯುತ್ತಿದ್ದರು. ಉಪ್ಪು ಕಮ್ಮಿ ಅನ್ನಿಸಿಕೊಂಡು ಯಾವ ಸೊಸೆಯೂ ಇಷ್ಟು ಸಂತೋಷಪಟ್ಟಿರಲಾರಳು.

ಗಂಡ ಮಾತ್ರ ಗೊಣಗಿದ. ಹಾಸಿಗೆಯಲ್ಲಿ ನವಣೆ, ಚಪ್ಪಲಿಯಲ್ಲಿ ನವಣೆ, ಗೋಡೆಯ ಉದ್ದಕ್ಕೂ ಇರುವೆ ಸಾಲು.

"ಅಪ್ಪ, ಮನೆ ಏನು ಪಂಜರ ಆಯ್ತಾ?"

"ನಿನಗೇನಪ್ಪ, ದಿನಕ್ಕೆ ಇಪ್ಪತ್ತು ಸಲ ಮೇಲಕ್ಕೆ ಹೋಗೋನು ನೀನು," ಅಂದರು ಮಾವ. "ಸಂಜೆ ನೋಡಿದ್ರೆ ಅದೇ ನೆಲಮಾಳಿಗೆ ಮನೇಗೆ ಬಂದು ಬೀಳ್ತೀಯ."

ಗಂಡನಿಗೂ ನಗು ತಡೆಯಲಾಗಲಿಲ್ಲ. ಎರಡು ತಿಂಗಳಲ್ಲಿ ಎಡಗೈಯ ಹಕ್ಕಳೆಗಳು ಉದುರಿ ಕೆಳಗೆ ತೆಳು ಗುಲಾಬಿ ಚರ್ಮ ಬಂತು. ಸೊಸೆ ದಿಂಬಿನ ಚೀಲವನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಬಿಟ್ಟಳು.

ಒಂದು ಮಂಗಳವಾರ ಅವಳು ನೀರಿನ ಬಟ್ಟಲು ತೊಳೆಯುತ್ತಿದ್ದಾಗ, ಎದುರು ಓಣಿಯ ದರ್ಜಿಯೊಬ್ಬ ಅಂಗಡಿಗೆ ಬಂದ. ಒಂಟಿ ಮನುಷ್ಯ. ಅವನ ಹಸಿರು ಹಕ್ಕಿ ಹೊಲಿಗೆ ಮಷೀನಿನ ಮೇಲೆ ಕೂತು, ಚಕ್ರ ತಿರುಗಿದರೆ ಹಾಡುತ್ತಿತ್ತು ಎಂದು ಬೀದಿಗೆಲ್ಲ ಗೊತ್ತಿತ್ತು. ಅವನು ಗುಂಡಿ ಹಾಕಿಡುವ ತಗಡಿನ ಡಬ್ಬಿಯನ್ನು ಕೌಂಟರಿನ ಮೇಲಿಟ್ಟು ಮುಚ್ಚಳ ತೆಗೆದ. ಒಳಗೆ ಹಕ್ಕಿ ಮಲಗಿತ್ತು. ಕಾಲು ನೀಲಿಯಾಗಿ ಊದಿತ್ತು.

"ಊಟಕ್ಕೆ ಹೋಗಿದ್ದೆ," ಅಂದ. "ಬರೋ ಹೊತ್ತಿಗೆ ತಲೆಕೆಳಗಾಗಿ ನೇತಾಡ್ತಿತ್ತು."

ಡಬ್ಬಿಯ ಪಕ್ಕದಲ್ಲಿ, ಇದೇ ಅಂಗಡಿಯಲ್ಲಿ ಕೊಂಡಿದ್ದ ಗೊಂಚಲನ್ನೂ ಇಟ್ಟ. ಕತ್ತರಿಸಿದ ಕುಣಿಕೆ ಅದರ ತುದಿಯಲ್ಲಿ ಹಾಗೇ ಇತ್ತು. ಸೊಸೆಗೆ ನೋಡಿದ ತಕ್ಷಣ ತಿಳಿಯಿತು. ಜಾರುವ ಕುಣಿಕೆ ಇದೆ, ಬಿಗಿತ ಇದೆ. ಮೇಲಿನ ಸುತ್ತು ಇಲ್ಲ. ಮಾವ ಬೀಗ ಹಾಕುವುದನ್ನು ಮರೆತಿದ್ದರು. ಪೊಟ್ಟಣ ಎಳೆಯಲು ಹಕ್ಕಿ ಕಾಲು ತೂರಿಸಿದೆ, ಕುಣಿಕೆ ಜಾರಿದೆ. ಬಿಡಿಸಿಕೊಳ್ಳಲು ಎಳೆದಿದೆ; ಎಳೆದಷ್ಟೂ ಬಿಗಿದಿದೆ.

"ಯಾರು ಕಟ್ಟಿದ್ದು ಇದನ್ನ?" ದರ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ದಾರದ ಕೆಲಸ ಮಾಡೋನು ನಾನು. ಇಂಥ ಗಂಟು ನೋಡಿಲ್ಲ. ಕತ್ತರಿ ಹಾಕೇ ಬಿಡಿಸಬೇಕಾಯ್ತು."

"ನಾನೇ," ಅಂದಳು ಸೊಸೆ. "ನಾನೇ ಅಣ್ಣ ಕಟ್ಟಿದ್ದು. ತಪ್ಪಾಯ್ತು."

ಅವನು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಬೇರೆ ಹಕ್ಕಿ ಕೊಡುತ್ತೇನೆ ಎಂದು ಅಂಗಡಿಯವಳು ಅಂದಳು. ಬೇಡ ಎಂದು ತಲೆಯಾಡಿಸಿ, ಡಬ್ಬಿ ಮುಚ್ಚಿಕೊಂಡು ಹೋದ. ಅವನು ಬೀದಿ ದಾಟುವವರೆಗೆ ಕಾದಿದ್ದು ಅಂಗಡಿಯವಳು ಬಾಯಿ ತೆರೆದಳು.

"ನೀನು ಕಟ್ಟಿದ್ದಲ್ಲ ಅಂತ ನನಗೂ ಗೊತ್ತು. ನಿಮ್ಮ ಮಾವ ದೊಡ್ಡವರು, ನಾನೇನೂ ಅನ್ನಲ್ಲ. ಆದ್ರೆ ಇನ್ನೊಂದು ಡಬ್ಬಿ ಈ ಕೌಂಟರ್ ಮೇಲೆ ಬಂತು ಅಂದ್ರೆ ಗೊಂಚಲೂ ಬೇಡ, ನೀನೂ ಬೇಡ. ಬೇಜಾರು ಮಾಡ್ಕೋಬೇಡ."

ಮಾರಲು ಕೊಕ್ಕೆಯಲ್ಲಿ ತೂಗುಹಾಕಿದ್ದವನ್ನೆಲ್ಲ ಇಳಿಸಿ ಇಬ್ಬರೂ ಒಂದೊಂದಾಗಿ ನೋಡಿದರು. ಇಪ್ಪತ್ತೊಂದರಲ್ಲಿ ಆರಕ್ಕೆ ಬೀಗ ಇರಲಿಲ್ಲ.

ಆ ಸಂಜೆ ಅಡುಗೆಮನೆಯಲ್ಲಿ ಮೂವರೂ ನಿಂತೇ ಜಗಳ ಆಡಿದರು. ಮುಂದಿನ ಕೋಣೆಯ ಟೀವಿಯ ಸದ್ದನ್ನು ಪಾರ್ಸಲ್ ಬೇಕೆಂದೇ ಜಾಸ್ತಿ ಮಾಡಿ ಬಂದಿದ್ದಳು. ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತಿತ್ತು.

"ನಿಲ್ಲಿಸಿಬಿಡು," ಅಂದ ಗಂಡ. "ನಾಳೆಯಿಂದ ಹುರಿ ಇಡಬೇಡ. ಆರ್ಡರ್ ನಿಂತುಹೋಯ್ತು ಅಂತ ಹೇಳು."

"ನಿಲ್ಲಿಸಿ ಏನು ಕೊಡ್ತೀರಿ ಅವರ ಕೈಗೆ? ರಿಮೋಟಾ?"

"ಹಕ್ಕಿ ಸತ್ತಿದೆ ಕಣೇ. ನಾಳೆ ನಿನ್ನ ಕೆಲಸವೂ ಹೋಗುತ್ತೆ."

"ಅವರ ಕೈ ನೋಡಿದ್ದೀರಾ ನೀವು? ಹೋದ ವರ್ಷದ ಕೈ ನೋಡಿದ್ದೀರಾ? ದಿಂಬಿನ ಚೀಲ ಒಗೆದೋಳು ನಾನು."

ಗಂಡ ಗ್ರೀಸ್ ಹತ್ತಿದ ಉಗುರುಗಳನ್ನು ನೋಡಿಕೊಂಡ. ಪಾರ್ಸಲ್ ಆಲೂಗಡ್ಡೆಗೆ ಫೋರ್ಕ್ ಚುಚ್ಚಿ ನೋಡುತ್ತ, "ನಿಜ ಹೇಳಿಬಿಡೋಣ," ಅಂದಳು. "ತಾತ ಏನು ಮಗೂನಾ? ಬೀಗ ಮರೀತಿದ್ದೀಯ ಅಂತ ಹೇಳಿದ್ರೆ ನೆನಪಿಟ್ಕೊಂಡು ಹಾಕ್ತಾರೆ."

"ಮರೆಯೋದು ನೆನಪಿರುತ್ತೇನೇ ಯಾರಿಗಾದ್ರೂ? ಹಕ್ಕಿ ಕೊಂದಿರಿ ಅಂತ ಹೇಳೋಕೆ ಆಗುತ್ತಾ ನಿನಗೆ? ಹೋಗು, ಹೇಳು. ಅಲ್ಲೇ ಕೂತಿದ್ದಾರೆ," ಅಂದಳು ಸೊಸೆ.

ಪಾರ್ಸಲ್ ಹೋಗಲಿಲ್ಲ. ಕೊನೆಗೆ ಸೊಸೆಯೇ ದಾರಿ ಹೇಳಿದಳು. ಅವರು ಕಟ್ಟಲಿ. ಒಂದು ಬೀಗ ಕಣ್ತಪ್ಪಿದರೂ ಇನ್ನೊಂದು ಹಕ್ಕಿ ಸಾಯುತ್ತದೆ, ಹಾಗಾಗಿ ಕಟ್ಟಿದ್ದನ್ನೆಲ್ಲ ನಾನು ಬಿಚ್ಚುತ್ತೇನೆ. ಅಂಗಡಿಗೆ ಬೇಕಾದಷ್ಟನ್ನು ನನ್ನ ಗಂಟಿನಲ್ಲೇ ಕಟ್ಟಿ ಕೊಡುತ್ತೇನೆ. ಉಳಿದ ಹುರಿ ಸುತ್ತಿ ಮತ್ತೆ ಮೊರಕ್ಕೆ ಹಾಕುತ್ತೇನೆ.

"ಎಷ್ಟು ದಿನ?" ಅಂದ ಗಂಡ.

"ನಡೆದಷ್ಟು ದಿನ. ಊಟಕ್ಕೆ ತಟ್ಟೆ ಇಡಿ."

ನಾಲ್ಕು ವಾರ ನಡೆಯಿತು. ಮಧ್ಯಾಹ್ನ ಊಟ ಮುಗಿಸಿ ಮಾವ ಮಲಗುತ್ತಿದ್ದರು. ಆ ಒಂದೂವರೆ ಗಂಟೆ ಅವಳದು. ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಕಾಲ ಮೇಲೆ ಹಳೆಯ ಬೆಡ್‌ಶೀಟು ಹಾಸಿ, ದಬ್ಬಣ ಹಿಡಿದು ಕೂರುತ್ತಿದ್ದಳು. ಗೋದಾಮಿನ ಗಂಟು ಬಿಚ್ಚುವುದೆಂದರೆ ಹುಡುಗಾಟವಲ್ಲ. ದಬ್ಬಣದ ಮೊನೆಯಿಂದ ಬೀಗದ ಸುತ್ತನ್ನು ಎತ್ತಬೇಕು, ಹಲ್ಲಿನಿಂದ ಕಚ್ಚಿ ಸಡಿಲ ಮಾಡಬೇಕು, ಆಮೇಲೆ ಉಗುರು ತೂರಿಸಬೇಕು. ಮೊದಲ ವಾರವೇ ಎರಡು ಉಗುರು ಮುರಿದವು. ಮೂರನೆಯ ವಾರ ಹೆಬ್ಬೆರಳ ಸಂದಿ ಸೀಳಿ, ಅಂಗಡಿಯಲ್ಲಿ ಸೋಪಿನ ನೀರು ತಗುಲಿದರೆ ಜೀವ ಹೋಗುತ್ತಿತ್ತು. ಬೀಗವಿಲ್ಲದ ಗಂಟುಗಳು ಮಾತ್ರ ಸುಲಭವಾಗಿ ಬಿಚ್ಚುತ್ತಿದ್ದವು. ಅವಳು ಎಣಿಸುತ್ತಿರಲಿಲ್ಲ, ಆದರೂ ಅವು ಹೆಚ್ಚುತ್ತಿರುವುದು ಕೈಗೆ ತಿಳಿಯುತ್ತಿತ್ತು.

"ದಿನಕ್ಕೆ ನಲವತ್ತು ಹೋಗುತ್ತಾ?" ಎಂದು ಮಾವ ಕೇಳುತ್ತಿದ್ದರು.

"ಹೋಗುತ್ತೆ ಮಾವ. ಸಾಲದು ಅಂತಾರೆ."

"ಅಷ್ಟು ಹಕ್ಕಿ ಇದೆಯಾ ಊರಲ್ಲಿ?"

"ಹಕ್ಕಿಗೇನು ಬರ."

ಮಾವ ಅದನ್ನು ಅಗಿಯುತ್ತಿದ್ದ ತುತ್ತಿನ ಜೊತೆಗೆ ಮೆಲ್ಲಗೆ ನುಂಗಿದರು. "ಒಂದ್ಸಲ ನೋಡ್ಬೇಕು," ಅಂದರು. "ಹಕ್ಕಿ ಹೇಗೆ ಆಡುತ್ತೆ ಅಂತ. ಮೂವತ್ತೆಂಟು ವರ್ಷ ಕಟ್ಟಿದ ಪಾರ್ಸಲ್ಲನ್ನ ಬಿಚ್ಚಿದೋರ ಮುಖ ನಾನು ಒಂದ್ಸಲಾನೂ ನೋಡ್ಲಿಲ್ಲ."

"ಬಿಸಿಲು ಕಮ್ಮಿ ಆಗ್ಲಿ ಮಾವ," ಅಂದಳು ಅವಳು. ಮುಂದಿನ ವಾರ ಮೊಣಕಾಲು ನೋವು ಕಮ್ಮಿ ಆಗಲಿ ಅಂದಳು. ಅದರ ಮುಂದಿನ ವಾರ ಅಂಗಡಿಗೆ ಸುಣ್ಣ ಹೊಡೆಯುತ್ತಿದ್ದಾರೆ ಅಂದಳು.

ಶಾಲೆಗೆ ರಜೆ ಇದ್ದ ಒಂದು ಬೆಳಗ್ಗೆ, ಅವಳು ಅಂಗಡಿಯ ಹಿಂದೆ ಪಂಜರದ ತಟ್ಟೆ ಉಜ್ಜುತ್ತಿದ್ದಾಗ ಪರಿಚಿತ ಕೆಮ್ಮು ಕೇಳಿಸಿತು. ಬ್ರಷ್ ಹಿಡಿದೇ ಮುಂದೆ ಬಂದಳು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಂಗಡಿಯ ನಡುವೆ ನಿಂತಿದ್ದರು. ಅವರ ತೋಳು ಹಿಡಿದು ಪಾರ್ಸಲ್.

"ಕೇಳಿದ್ರು, ಕರ್ಕೊಂಡು ಬಂದೆ," ಅಂದಳು ಪಾರ್ಸಲ್, ಅಮ್ಮನ ಕಣ್ಣು ತಪ್ಪಿಸಿ.

"ಬನ್ನಿ ಯಜಮಾನ್ರೇ, ಬನ್ನಿ," ಎಂದು ಅಂಗಡಿಯವಳು ಬೇಕಾದ್ದಕ್ಕಿಂತ ಗಟ್ಟಿಯಾಗಿ ಮಾತಾಡಿದಳು. "ಕೂತ್ಕೊಳ್ಳಿ. ಟೀ ತರಿಸ್ಲಾ?"

ಮಾವ ಕೂರಲಿಲ್ಲ. ಗೋಡೆಯ ಕೊಕ್ಕೆಗಳಲ್ಲಿ ಗೊಂಚಲುಗಳು ತೂಗುತ್ತಿದ್ದವು. ಹತ್ತಿರ ಹೋಗಿ ಮೊದಲನೆಯದನ್ನು ಹಿಡಿದರು. ಕಣ್ಣು ಎಲ್ಲೋ ಇತ್ತು. ಬೆರಳುಗಳು ಹುರಿಯ ಉದ್ದಕ್ಕೂ ಇಳಿದು ಗಂಟಿನ ಮೇಲೆ ನಿಂತವು. ಎರಡನೆಯದು. ಮೂರನೆಯದು. ಒಂದನ್ನೂ ಬಿಡದೆ ಆ ಗೋಡೆಯ ಕೊನೆಯವರೆಗೂ ಹೋದರು. ಸೊಸೆಯ ಕೈಯ ಬ್ರಷ್ಷಿನಿಂದ ನೊರೆ ಅವಳ ಪಾದದ ಮೇಲೆ ಬೀಳುತ್ತಿತ್ತು.

"ಇವೆಲ್ಲ ನಮ್ಮ ಮನೇದೇನಮ್ಮಾ?" ಅಂದರು ಮಾವ.

"ನಿಮ್ಮ ಮನೇದೇ ಯಜಮಾನ್ರೇ," ಅಂದಳು ಅಂಗಡಿಯವಳು.

"ಹೌದು. ನಮ್ಮ ಮನೇದೇ." ಅವರು ಕೈಯನ್ನು ಅಂಗಿಗೆ ಒರೆಸಿಕೊಂಡರು. "ನೀಟಾಗಿ ಕಟ್ಟಿದ್ದೀಯ," ಅಂದರು, ಯಾರನ್ನೂ ನೋಡದೆ.

ಪಕ್ಕದ ಪಂಜರದಲ್ಲಿ ಒಂದು ನೀಲಿ ಹಕ್ಕಿ ಗೊಂಚಲಿನಿಂದ ಕಾಗದದ ಪೊಟ್ಟಣ ಹಿರಿಯುತ್ತಿತ್ತು. ಅದು ಹರಿದು, ನವಣೆ ಚೆಲ್ಲಿ, ಕೊಕ್ಕು ಒರೆಸಿಕೊಂಡು ಮುಂದಿನ ಪೊಟ್ಟಣಕ್ಕೆ ಹೋಗುವವರೆಗೂ ಮಾವ ನಿಂತು ನೋಡಿದರು. ಆಮೇಲೆ, "ನಡಿ ಪಾರ್ಸಲ್, ಅಮ್ಮನಿಗೆ ಕೆಲಸ ಇದೆ," ಅಂದರು.

ಅವತ್ತು ಮಧ್ಯಾಹ್ನ ಸೊಸೆ ಓಡೋಡಿ ಬಂದಳು. ಮಾವ ಊಟ ಮಾಡದೆ ಮಲಗಿದ್ದರು. ಮಗಳನ್ನು ಬಟ್ಟೆ ಒಗೆಯುವ ಜಾಗಕ್ಕೆ ಎಳೆದುಕೊಂಡು ಹೋದಳು.

"ಯಾಕೆ ಕರ್ಕೊಂಡು ಬಂದೆ? ಹೇಳು, ಯಾಕೆ?"

"ಅಮ್ಮ, ಕೈ ಬಿಡು. ನಾಲ್ಕು ವಾರದಿಂದ ಅವರನ್ನ ಆಡಿಸ್ತಿದ್ದೀಯ ನೀನು. ನನಗೆ ನೋಡೋಕಾಗ್ಲಿಲ್ಲ."

"ಆಡಿಸ್ತಿದ್ದೀನಾ? ನನ್ನ ಬೆರಳು ನೋಡೇ!"

"ನೋಡಿದ್ದೀನಿ. ಅದಕ್ಕೇ ಆಗ್ಲಿಲ್ಲ." ಹುಡುಗಿ ಕೈ ಬಿಡಿಸಿಕೊಂಡಳು. "ವಾಪಸ್ ಬರೋವಾಗ ದಾರೀಲಿ ನಿಂತು ಕೇಳಿದ್ರು. ನನ್ನ ಗಂಟು ಒಂದೂ ಇಲ್ವಲ್ಲ, ಏನಾಯ್ತು ಅಂತ. ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ. ಎಲ್ಲ ಹೇಳ್ಬಿಟ್ಟೆ. ದರ್ಜಿಯ ಹಕ್ಕಿ, ಬೀಗ, ನೀನು ಬಿಚ್ಚೋದು, ಎಲ್ಲ."

ಸೊಸೆ ಒಗೆಯುವ ಕಲ್ಲಿನ ಮೇಲೆ ಕೂತಳು. "ಏನಂದ್ರು?"

"ಏನೂ ಇಲ್ಲ. ಯಾವ ಕಾಲು ಅಂತ ಕೇಳಿದ್ರು. ಎಡಗಾಲೋ ಬಲಗಾಲೋ ಅಂತ. ಗೊತ್ತಿಲ್ಲ ಅಂದೆ."

ಸಂಜೆ ಗಂಡನಿಗೆ ಹೇಳಿದಾಗ ಅವನು ಊಟದ ಡಬ್ಬಿಯನ್ನು ಸಿಂಕಿಗೆ ಹಾಕಿ ಬಹಳ ಹೊತ್ತು ನಲ್ಲಿ ತೆರೆದೇ ಇಟ್ಟಿದ್ದ. "ನಾನು ಮೊದಲೇ ಹೇಳಿದ್ದೆ" ಎನ್ನುವ ಮಾತು ಬರುತ್ತದೆ ಎಂದು ಅವಳು ಕಾದಳು, ಬರಲಿಲ್ಲ. ಕೈ ಒರೆಸಿಕೊಂಡು ಅಪ್ಪನ ಪಕ್ಕ ಹೋಗಿ ಕೂತ. ಇಬ್ಬರೂ ಟೀವಿಯಲ್ಲಿ ಯಾರೋ ಅಡುಗೆ ಮಾಡುವುದನ್ನು ಕೊನೆಯವರೆಗೂ ನೋಡಿದರು.

ಮರುದಿನ ಬೆಳಗ್ಗೆ ಅವಳು ಮೊರವನ್ನು ಬಚ್ಚಿಟ್ಟಿದ್ದಳು. ಮಾವ ಸ್ನಾನ ಮುಗಿಸಿ ಬಂದು, "ತುಂಬುತೋಳಿನ ಅಂಗಿ ಇದ್ದರೆ ಕೊಡಮ್ಮಾ," ಅಂದರು.

"ಈ ಸೆಖೆಗೆ ತುಂಬುತೋಳಾ ಮಾವ?"

"ಇರ್ಲಿ. ಕೊಡು."

ಅವಳು ಕೊಟ್ಟಳು. ಅವರು ಎರಡೂ ತೋಳಿನ ಗುಂಡಿಗಳನ್ನು ತಾವೇ ಹಾಕಿಕೊಂಡರು. ಅದಕ್ಕೇ ಒಂದಷ್ಟು ಹೊತ್ತಾಯಿತು. ಎಡಗೈಯನ್ನು ಅವಳು ನೋಡಬಾರದು ಎಂದು ಗೋಡೆಯ ಕಡೆಗೆ ತಿರುಗಿ ನಿಂತಿದ್ದರು. ಆದರೆ ಮೊಣಕೈ ಹತ್ತಿರ ಒದ್ದೆಯಾದ ಕೆಂಪು ಅವಳ ಕಣ್ಣಿಗೆ ಬಿದ್ದೇ ಬಿತ್ತು.

"ಮಾವ," ಅಂದಳು. "ನಾನೊಂದು ಮಾತು..."

"ಮೊರ ಎಲ್ಲಿ?" ಅಂದರು ಅವರು. "ಹೊತ್ತಾಯ್ತು. ನೀನು ಹೊರಡ್ಬೇಕಲ್ಲ."

ಅವಳು ಮೊರ ತಂದಿಟ್ಟಳು. ಅಂಗಡಿಯಲ್ಲಿ ಆ ದಿನ ಎರಡು ಬಟ್ಟಲು ಒಡೆದಳು. ಚೂರುಗಳನ್ನು ಅಂಗಡಿಯವಳೇ ಗುಡಿಸಿದಳು.

ಮಧ್ಯಾಹ್ನ ಬಂದಾಗ ಕುರ್ಚಿಯ ಹಿಡಿಯಲ್ಲಿ ಗೊಂಚಲುಗಳು ಎಂದಿನಂತೆ ಸಾಲಾಗಿ ತೂಗುತ್ತಿದ್ದವು. ಮಾವ ಅನ್ನ ಬೇಳೆ ಉಂಡರು, ಉಪ್ಪಿನ ಮಾತೆತ್ತಲಿಲ್ಲ, ಕೈ ತೊಳೆದು ಬಂದು ಮತ್ತೆ ಕುರ್ಚಿಯಲ್ಲೇ ಕೂತರು. ಮಲಗುವುದಿಲ್ಲವೇ ಎಂದು ಅವಳು ಕೇಳಿದ್ದಕ್ಕೆ, "ನಿದ್ದೆ ಬರ್ತಿಲ್ಲ. ನೀನು ನಿನ್ನ ಕೆಲಸ ಮಾಡ್ಕೋ," ಅಂದರು.

ಅವಳು ಗೊಂಚಲುಗಳನ್ನು ಬುಟ್ಟಿಗೆ ಹಾಕಿಕೊಂಡು ಅಡುಗೆಮನೆಗೆ ಬಂದಳು. ಬಾಗಿಲು ಮುಂದೆ ಮಾಡಲು ಕೈ ಹೋಯಿತು. ಯಾಕೋ ಹಾಗೇ ಬಿಟ್ಟಳು. ಹಾಲು ಕಾಯಲಿಟ್ಟು, ಬೆಡ್‌ಶೀಟು ಹಾಸಿ, ದಬ್ಬಣ ತೆಗೆದುಕೊಂಡು ಮೊದಲ ಗಂಟನ್ನು ಬೆಳಕಿಗೆ ತಿರುಗಿಸಿದಳು. ಅದು ಗೋದಾಮಿನ ಗಂಟಾಗಿರಲಿಲ್ಲ. ಬೀಗವೂ ಇರಲಿಲ್ಲ, ಜಾರುವ ಕುಣಿಕೆಯೂ ಇರಲಿಲ್ಲ. ಹುರಿಯ ಒಂದು ತುದಿಯನ್ನು ಬೆರಳುದ್ದ ಹೊರಗೆ ಬಿಟ್ಟಿದ್ದರು. ಅವಳು ಅದನ್ನು ಹಿಡಿದು ಸ್ವಲ್ಪ ಎಳೆದಳು. ಗಂಟು ಒಂದೇ ಸಲಕ್ಕೆ ಬಿಚ್ಚಿಕೊಂಡಿತು. ಮಣಿ, ಬಳೆ, ಪೊಟ್ಟಣ ಎಲ್ಲ ಅವಳ ಮಡಿಲಿಗೆ ಉದುರಿದವು.

ಎರಡನೆಯದಕ್ಕೂ ಬಾಲ ಇತ್ತು. ಮೂರನೆಯದಕ್ಕೂ. ನಲವತ್ತಕ್ಕೂ ಒಂದೇ ಅಳತೆಯ ಬಾಲ, ಅವಳ ಕಡೆಗೇ ಬರುವ ಹಾಗೆ. ದಬ್ಬಣ ಪಕ್ಕಕ್ಕೆ ಬಿತ್ತು. ಹಾಲು ಉಕ್ಕುವ ಮೊದಲೇ ಎಲ್ಲ ಮುಗಿಯಿತು.

ಬಾಗಿಲಲ್ಲಿ ಪಾರ್ಸಲ್ ನಿಂತಿದ್ದಳು. "ಇಷ್ಟು ಬೇಗ ಆಯ್ತಾ ಇವತ್ತು?"

"ಹೂಂ," ಅಂದಳು ಅಮ್ಮ. "ಹಾಲು ಇಳಿಸು."

ಹುರಿಗಳನ್ನು ಒಂದೊಂದಾಗಿ ಮೊಣಕಾಲಿನ ಮೇಲೆ ನೇರ ಮಾಡಿ, ಉಂಡೆ ಸುತ್ತಿ, ಮುಂದಿನ ಕೋಣೆಗೆ ತೆಗೆದುಕೊಂಡು ಹೋದಳು. ಮಾವ ಕೈ ಚಾಚಿದರು. ಉಂಡೆಯನ್ನು ಅಂಗೈಯಲ್ಲಿ ತೂಗಿದರು, ಹೆಬ್ಬೆರಳಿನಿಂದ ಒಮ್ಮೆ ಸವರಿದರು.

"ಹೊಸ ಹುರಿಯೇನಮ್ಮಾ?"

"ಹೊಸದೇ ಮಾವ."

"ಚೆನ್ನಾಗಿದೆ," ಅಂದರು ಅವರು, ಮತ್ತು ತಲೆ ಬಗ್ಗಿಸಿ ಅದರ ತುದಿ ಹುಡುಕತೊಡಗಿದರು.